ವಾತದ ಕಾಕಾ

ಇವತ್ತು ಬೆಳಿಗ್ಗೆ ದೇವರ ಮುಂದೆ ಕುಳಿತು ಹೊಸ ಬತ್ತಿಯ ಪೊಟ್ಟಣ ಬಿಚ್ಚಿದೆ. ಅಂಗಡಿಯಿಂದ ತಂದ ಬತ್ತಿಗಳು, ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳ ಹಾಗೆ ಎಲ್ಲವೂ ಒಂದೇ ಅಳತೆ. ಒಂದನ್ನು ತೆಗೆದು ಮೂಗಿನ ಹತ್ತಿರ ಹಿಡಿದೆ. ದೇವರಿಗೆ ಸಲ್ಲುವುದನ್ನು ಮೂಸಬಾರದು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ನನ್ನ ಕೈಕಾಲಿಗೆಲ್ಲ ಅತ್ತೆಯ ಅಂಜಿಕೆ ಇತ್ತು, ಮೂಗಿಗೆ ಮಾತ್ರ ಸ್ವಲ್ಪ ಕಡಿಮೆ. ಹತ್ತಿಯ ಒಣ ವಾಸನೆಯ ಹಿಂದೆ, ಬಹಳ ದೂರದಿಂದ ನಡೆದು ಬಂದ ಹಾಗೆ, ಮಶೀನಿಗೆ ಬಿಡುವ ಎಣ್ಣೆಯ ವಾಸನೆ. ಬತ್ತಿ ಹಿಡಿದುಕೊಂಡು ಎಷ್ಟು ಹೊತ್ತು ಕುಳಿತೆನೋ ಗೊತ್ತಿಲ್ಲ. ಹೊರಗೆ ನಮ್ಮ ಯಜಮಾನರು ಎರಡು ಸಲ ಕೆಮ್ಮಿದರು. ನಮ್ಮ ಮನೆಯಲ್ಲಿ ಚಹಾ ಕೇಳುವ ರೀತಿ ಅದು. ಕೇಳಿಸಿತು, ಆದರೆ ನಾನು ಆಗ ಮೂವತ್ತು ವರ್ಷ ಹಿಂದಿನ ಒಂದು ಮಧ್ಯಾಹ್ನದಲ್ಲಿದ್ದೆ.

ಸಂಶೋಧಕರು ಎಂದರೆ ನಿಮಗೆ ಪಠ್ಯಪುಸ್ತಕದ ಗಡ್ಡದ ಗೃಹಸ್ಥರು ನೆನಪಾಗಬಹುದು. ನನಗೆ ನೆನಪಾಗುವವರು ನಮ್ಮ ಕಾಕಾ. ಮಾವನವರ ತಮ್ಮ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡು, ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು, ಮನೆಯಲ್ಲೆಲ್ಲ ಅದೇ ಪೆನ್ಸಿಲ್ ಹುಡುಕುತ್ತ ತಿರುಗುವವರು. ಮಂಗಳವೇಢೆಯ ಕಡೆಯಿಂದ ಆಳಂದದ ಕಡೆಯವರೆಗೆ, ಗುಡಿಗೆ ಹೋಗುವ ಹೆಂಗಸರಲ್ಲಿ ವಾತದ ಕಾಕಾ ಎಂದರೆ ಗೊತ್ತಿಲ್ಲದವರು ಕಡಿಮೆ. ಒಮ್ಮೆ ಮರಾಠಿ ಪೇಪರಿನಲ್ಲಿ ಅವರ ಫೋಟೋ ಬಂದಿತ್ತು, ಅದರಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ಒಂದು ಮಹಿಳಾ ಮಂಡಳದವರು ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟಿದ್ದರು. ಕಾಕಾ ಅಲ್ಲೇ ವೇದಿಕೆಯ ಮೇಲೆ ಕುರ್ಚಿಯ ಸಡಿಲಾದ ಕಾಲನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು. ಅವರಿಗೆ ಆ ಹೆಸರು ಬಂದದ್ದು ಹೇಗೆಂದು ಹೇಳುತ್ತೇನೆ. ಅದರಲ್ಲಿ ನನ್ನದೊಂದು ತಪ್ಪಿದೆ. ಇವತ್ತಿನವರೆಗೆ ಕಾಕಾ ಒಬ್ಬರ ಹೊರತು ಯಾರ ಮುಂದೆಯೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ.

ನನ್ನ ತವರು ಅಕ್ಕಲಕೋಟ ತಾಲೂಕಿನ ಹನ್ನೂರ. ಅಲ್ಲಿ ಕನ್ನಡ ಶಾಲೆಯಲ್ಲಿ ಕಲಿತು, ಮದುವೆಯಾಗಿ ಸೋಲಾಪುರಕ್ಕೆ ಬಂದೆ. ಅಂಗಡಿ ಮುಂದೆ, ಮನೆ ಹಿಂದೆ. ಕರ್ಪೂರ, ಊದಿನಕಡ್ಡಿ, ಕುಂಕುಮ, ದೀಪದ ಹತ್ತಿಯ ವ್ಯಾಪಾರ. ಬೆಳಗಾದರೆ ಮನೆಯ ಗಾಳಿಯೇ ಸ್ನಾನ ಮಾಡಿ ಪೂಜೆ ಮುಗಿಸಿಕೊಂಡು ಬಂದ ಹಾಗೆ ಇರುತ್ತಿತ್ತು. ಅಂಥ ಮನೆಗೆ ಬಿದ್ದದ್ದು ನನ್ನ ಪುಣ್ಯ ಎಂದು ಆಗಲೂ ಅಂದುಕೊಳ್ಳುತ್ತಿದ್ದೆ. ಮನೆಯ ಮಾತು ಕನ್ನಡ, ಗಿರಾಕಿಯ ಮಾತು ಮರಾಠಿ, ಜಗಳ ಎರಡೂ ಕೂಡಿ. ಆದರೆ ಎಲ್ಲರೂ ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡದ ಅಕ್ಷರ ಆ ಮನೆಗೆ ಬಂದದ್ದು ನನ್ನ ಟ್ರಂಕಿನಲ್ಲಿ. ತವರಿನಿಂದ ಪತ್ರ ಬಂದರೆ ಮಾವನವರು ಅದನ್ನು ಹಿಂದೆ ಮುಂದೆ ಮಾಡಿ ನೋಡಿ, "ನಿಮ್ಮಪ್ಪನ ಅಕ್ಷರ ಜಿಲೇಬಿ ಕರದಂಗ ಅದಾವ ನೋಡವಾ" ಎಂದು ನನ್ನ ಕೈಗೆ ಕೊಡುತ್ತಿದ್ದರು. ಕಠಿಣ ಮನುಷ್ಯ. ಎದುರಿಗಿದ್ದವರನ್ನು ನಗಿಸಿದರೂ ತಮ್ಮ ಮುಖದ ಒಂದು ಗೆರೆ ಅಲುಗದಂತೆ ನೋಡಿಕೊಳ್ಳುತ್ತಿದ್ದರು.

ಕಾಕಾ ಹರೆಯದಲ್ಲಿ ಬಟ್ಟೆಯ ಗಿರಣಿಯಲ್ಲಿ ಫಿಟರ್ ಆಗಿದ್ದರು. ಮದುವೆಯಾಗಲಿಲ್ಲ. ಗಿರಣಿ ಮುಚ್ಚಿದ ಮೇಲೆ ಅಣ್ಣನ ಅಂಗಡಿಗೆ ಬಂದರು. ಅವರನ್ನು ಗಾದಿಯ ಮೇಲೆ ಕೂಡಿಸಿ ಅಣ್ಣ ಊಟಕ್ಕೆ ಒಳಗೆ ಬಂದರೆ, ಹೊರಗೆ ಹೋಗುವಷ್ಟರಲ್ಲಿ ತಕ್ಕಡಿ ಬಿಚ್ಚಿ ಹರವಿರುತ್ತಿದ್ದರು. ಕಾಗದದ ಮೇಲೆ ಕುಂಕುಮ, ಎದುರಿಗೆ ಗಿರಾಕಿ, ತೂಗುವುದಕ್ಕೆ ತಕ್ಕಡಿಯೇ ಇಲ್ಲ. ಕಡೆಗೆ ಮಾವನವರು ಬೇಸತ್ತು ಹಿಂದಿನ ಖೋಲಿಯನ್ನು ಅವರಿಗೆ ಬಿಟ್ಟುಕೊಟ್ಟರು. ಆ ಖೋಲಿಯೇ ಅವರ ಲೋಕವಾಯಿತು. ಒಂದು ಕಿಟಕಿ, ಗೋಡೆಯುದ್ದ ಒಂದು ಹಲಗೆ, ಮೊಳೆಗೆ ತೂಗುಹಾಕಿದ ಪಾನಾ, ಇಕ್ಕಳ, ಗರಗಸ. ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಇಳಿದಾಗ ಹತ್ತಿಯ ನವಿರು ಎಳೆಗಳು ಆ ಬೆಳಕಿನಲ್ಲಿ ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ತೇಲುತ್ತಿದ್ದವು. ಚಹಾ ಕೊಡಲು ಹೋದವಳು ಬಾಗಿಲಲ್ಲೇ ನಿಂತು ಬಿಡುತ್ತಿದ್ದೆ. ಕಾಕಾ ನಡುವೆ ಕುಳಿತು ಒಂದು ಹಲ್ಲಿನ ಚಕ್ರವನ್ನು ಬೆರಳಿನಿಂದ ತಿರುಗಿಸುತ್ತ, ತಿರುಗಿಸುತ್ತ, ತಾವೂ ಎಲ್ಲೋ ತೇಲುತ್ತಿದ್ದರು. ನಾನು ಕೆಮ್ಮುತ್ತಿರಲಿಲ್ಲ. ಚಹಾ ಆರಿದರೂ ಪರವಾಗಿಲ್ಲ ಎನಿಸುವಂಥ ಹೊತ್ತು ಅದು.

ಅವರು ಮೊದಮೊದಲು ಮಾಡಿದ್ದೆಲ್ಲ ಓಣಿಯವರ ನಗೆಗೆ ಮೇವಾಯಿತು. ಶೇಂಗಾ ಸುಲಿಯುವ ಒಂದು ಡಬ್ಬಿ ಮಾಡಿದರು. ಸಿಪ್ಪೆ ಡಬ್ಬಿಯೊಳಗೇ ಉಳಿದು, ಕಾಳು ಹಾರಿ ಪಕ್ಕದ ಮನೆಯ ತಗಡಿನ ಮಾಡಿನ ಮೇಲೆ ಬೀಳುತ್ತಿದ್ದವು. "ನಿಮ್ಮ ಕಾಕಾಗ ಹೇಳ್ರಿ, ಹಂಗೇ ಒಂದೀಟು ಬೆಲ್ಲಾನೂ ಒಗಿ ಅಂತ" ಎಂದು ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಹೇಳಿದಳು. ಆಮೇಲೆ ರೊಟ್ಟಿ ಬಡಿಯುವ ಹಲಗೆ. ಅದರಿಂದ ಬಂದ ರೊಟ್ಟಿ ದುಂಡಗಿರದೆ ಉದ್ದಕ್ಕೆ, ನಡುವೆ ಸ್ವಲ್ಪ ಸೊಂಟ ಬಿಟ್ಟುಕೊಂಡು ಇತ್ತು. ಮಾವನವರು ತಾಟಿನಲ್ಲಿದ್ದುದನ್ನು ನೋಡಿ ಗಂಭೀರವಾಗಿ ಕೇಳಿದರು: "ಇದು ಎಡಗಾಲಿಂದೋ ಬಲಗಾಲಿಂದೋ?"

ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕು, ಉಂಡು, ಖೋಲಿಗೆ ಹೋದರು. ನಕ್ಕರೂ ಮನಸ್ಸಿಗೆ ಹತ್ತುತ್ತಿತ್ತೇನೋ. ಅವರು ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಇನ್ನು ಅತ್ತೆಯ ಹರಕೆಯ ವಿಷಯ. ನಮ್ಮ ಯಜಮಾನರು ಕೂಸಾಗಿದ್ದಾಗ ಜ್ವರ ಬಂದು ಬದುಕುವುದೇ ಕಷ್ಟವಾಗಿತ್ತಂತೆ. ಮಗು ಉಳಿದರೆ ನನ್ನ ಕೈಯಾರೆ ಲಕ್ಷ ಬತ್ತಿ ಹೊಸೆದು ಹಚ್ಚುತ್ತೇನೆ ಎಂದು ಅತ್ತೆ ಬೇಡಿಕೊಂಡಿದ್ದರು. ಒಂದು ಬತ್ತಿಗೆ ಒಂದು ನಾಮ. ಮಗು ಉಳಿಯಿತು, ದೊಡ್ಡದಾಯಿತು, ನನ್ನನ್ನು ಮದುವೆಯೂ ಆಯಿತು. ಸಂಸಾರದ ಗದ್ದಲದಲ್ಲಿ ಹರಕೆ ಅರ್ಧಕ್ಕೆ ನಿಂತಿತ್ತು. ಮತ್ತೆ ಕೂರೋಣವೆನ್ನುವಷ್ಟರಲ್ಲಿ ಅತ್ತೆಯ ಬೆರಳುಗಳು ವಾತ ಹಿಡಿದು ಮಡಚದಂತಾಗಿದ್ದವು. ಒಂದು ಮಧ್ಯಾಹ್ನ ಅವರು ಮಡಿಲಲ್ಲಿ ಹತ್ತಿ ಇಟ್ಟುಕೊಂಡು, ಬೇರೆ ಯಾರದೋ ಕೈ ನೋಡುವ ಹಾಗೆ ತಮ್ಮ ಬೆರಳು ನೋಡುತ್ತ ಕುಳಿತದ್ದನ್ನು ಕಾಕಾ ಕಂಡರು. ಖೋಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ದೀಪದ ಬತ್ತಿಗೆ ಮರಾಠಿಯಲ್ಲಿ ವಾತ ಎನ್ನುತ್ತಾರೆ. ನಮ್ಮದು ಅದೇ ವ್ಯಾಪಾರವಾದ್ದರಿಂದ ಮನೆಯಲ್ಲಿ ಕನ್ನಡ ಮಾತಾಡುವಾಗಲೂ ವಾತ ಅನ್ನುವುದೇ ರೂಢಿ. ಬರಿ ಕನ್ನಡ ಬಲ್ಲವರಿಗೆ ವಾತ ಎಂದರೆ ಕೀಲು ಹಿಡಿಯುವ ಬೇನೆ, ಇನ್ನೇನೂ ಅಲ್ಲ. ಮಾವನವರು ಅಂಗಡಿಯಲ್ಲಿ ಹೇಳುತ್ತಿದ್ದರು: "ನಮ್ಮ ಮನ್ಯಾಕಿಗೆ ವಾತ ಆಗಿ ವಾತ ಮಾಡಾಕ ಆಗವಲ್ದು." ಕೇಳಿದವರು ನಗುತ್ತಿದ್ದರು. ಒಳಗಿನಿಂದ ನಾನೂ ನಕ್ಕಿದ್ದೆ. ನಕ್ಕಿದ್ದನ್ನು ನೆನಪಿಟ್ಟುಕೊಂಡಿದ್ದರೆ ಚೆನ್ನಾಗಿತ್ತು.

ಮೂರು ತಿಂಗಳ ಮೇಲೆ ಖೋಲಿಯಿಂದ ಮಶೀನು ಹೊರಗೆ ಬಂತು. ಕಟ್ಟಿಗೆಯ ಚೌಕಟ್ಟು, ರಬ್ಬರ್ ಸುತ್ತಿದ ಎರಡು ಉರುಳೆ, ಮುಂದೆ ತಾಮ್ರದ ಹರಿವಾಣ. ಒಂದು ಕಡೆ ಹತ್ತಿಯ ಎಳೆ ಕೊಟ್ಟು ಹೊಲಿಗೆ ಮಶೀನಿನ ಹಾಗೆ ಕಾಲಿನಿಂದ ತುಳಿದರೆ, ಹೊಸೆದ ಬತ್ತಿ ಹರಿವಾಣಕ್ಕೆ ಬೀಳುತ್ತಿತ್ತು. ನನಗೆ ಕೈ ಮುಗಿಯುವಷ್ಟು ಸಂತೋಷ. ಅತ್ತೆ ಮಾತ್ರ ದೂರದಲ್ಲೇ ನಿಂತರು.

"ತಮ್ಮಾ, ಕಾಲಿಂದ ತುಳದದ್ದು ದೇವರ ಮುಂದ ಹಚ್ಚೂದೇನು?"

ಕಾಕಾ ಗಲ್ಲಗಲ್ಲ ಬಡಿದುಕೊಂಡು ಮಶೀನನ್ನು ಒಳಗೆ ಒಯ್ದರು. ತುಳಿಯುವ ಹಲಗೆ ತೆಗೆದು, ಮಕ್ಕಳ ಸೈಕಲ್ಲಿನ ಚಕ್ರಕ್ಕೆ ಹಿಡಿಕೆ ಹಚ್ಚಿ, ಕೈಯಿಂದ ತಿರುಗುವಂತೆ ಮಾಡಿ ತಂದರು. ಒಂದು ಸುತ್ತಿಗೆ ಒಂದು ಬತ್ತಿ. ಬೆರಳು ಮಡಚುವ ಕೆಲಸವೇ ಇಲ್ಲ. ಅತ್ತೆ ಹತ್ತಿರ ಬಂದರು, ಚಕ್ರ ಮುಟ್ಟಿದರು, ನಿಂತರು.

"ಚಲೋ ಐತಿ ತಮ್ಮಾ. ಆದ್ರ ನಾಮ ಯಾರು ಹೇಳಬೇಕು? ಮಶೀನ ಹೇಳತೈತೇನು?"

ಕಾಕಾ ಮಶೀನನ್ನು ಮತ್ತೆ ಖೋಲಿಗೆ ಒಯ್ದರು. ಮಶೀನಿನ ಮೇಲೆ ಹಳೆಯ ಸೀರೆ ಹೊದಿಸಿಟ್ಟರು.

ಅದೇ ವಾರ ಮಾವನವರು ಊಟದ ಹೊತ್ತಿಗೆ ತಮ್ಮನಿಗೆ ಹೇಳಿದರು: "ಶ್ರಾವಣದ ಮಾಲು ಇಡಾಕ ಜಾಗಾ ಇಲ್ಲ. ನಿನಗ ನಾಕ ಗುರುವಾರ ಕೊಡತೀನಿ. ಅಕ್ಕಲಕೋಟಕ್ಕ ಒಯ್ದು ಮಂದ್ಯಾಗ ಇಡು. ನಾಕನೇ ಗುರುವಾರ ನಾನೇ ಬಂದು ನೋಡತೀನಿ. ಮಂದಿ ಬೇಕು ಅಂದ್ರ ಖೋಲಿ ನಿಂದು. ಇಲ್ಲಂದ್ರ ಹತ್ತಿ ದಿಂಡು ಇಡೂ ಗೋದಾಮ ಆಗತೈತಿ."

ಕಾಕಾ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಆಗಲಿ ಅಣ್ಣಾ" ಎಂದರು. ಅವರ ಕಣ್ಣು ಹಿಂದಿನ ಖೋಲಿಯ ಬಾಗಿಲಿಗೆ ಹೋಗಿ ಬಂದದ್ದನ್ನು ನಾನು ನೋಡಿದೆ. ಆ ಖೋಲಿ ಹೋದರೆ ಆ ಮನುಷ್ಯ ಎಲ್ಲಿ ಕೂರಬೇಕು?

ಅಕ್ಕಲಕೋಟದ ಸ್ವಾಮಿಗಳ ಗುಡಿಗೆ ಗುರುವಾರ ವಿಜಯಪುರ, ಕಲಬುರಗಿ ಕಡೆಯ ಭಕ್ತರೂ ಬರುತ್ತಾರಲ್ಲ, ಅದಕ್ಕೆ ಎರಡು ಬೋರ್ಡು ಬೇಕಾದವು. ಮರಾಠಿಯದನ್ನು ನಮ್ಮ ಯಜಮಾನರು ಬರೆದರು. ಕನ್ನಡದ್ದು ನನಗೆ ಬಂತು. ಖೋಲಿಯ ಹೊಸ್ತಿಲಲ್ಲಿ ಕುಳಿತು ತಗಡಿನ ಮೇಲೆ ನೀಲಿ ಬಣ್ಣದಿಂದ ಬರೆದೆ. ಮದುವೆಯಾಗಿ ಎರಡು ವರ್ಷ. ಈ ಮನೆಯ ಮಾತು ನನಗೂ ಬಂತು, ನಾನೂ ಈ ಮನೆಯವಳೇ ಎಂದು ತೋರಿಸುವ ಹುಮ್ಮಸ್ಸು. ಬತ್ತಿ ಎಂಬ ಮಾತು ಕೈಗೆ ಬಂದಿತ್ತು, ಅದನ್ನು ಹಿಂದೆ ಕಳಿಸಿ, ತಲೆಕಟ್ಟು ತಿದ್ದಿ ತಿದ್ದಿ ಬರೆದೆ: "ಇಲ್ಲಿ ವಾತದ ಮಶೀನು ಇದೆ. ಕೈಯಿಂದ ತಿರುಗಿಸಿ ನೋಡಿರಿ."

ಕಾಕಾ ದೂರ ನಿಂತು ನೋಡಿ, "ಅಕ್ಷರ ಮುತ್ತಿನಂಗ ಅದಾವವಾ" ಎಂದರು. ಅವರಿಗೆ ಅವು ಮುತ್ತಿನಂತೆ ಕಂಡದ್ದು ನಿಜವೇ. ಮುತ್ತನ್ನು ಯಾರೂ ಓದುವುದಿಲ್ಲ.

ಗುರುವಾರ ಎಸ್ಟಿ ಬಸ್ಸಿನಲ್ಲಿ ಮಶೀನು, ಹತ್ತಿಯ ಗಂಟು, ಕಾಕಾ, ನಾನು. ಅದೇ ನೆಪದಿಂದ ದರ್ಶನವೂ ಆಗುತ್ತದೆ ಎಂದು ಅತ್ತೆ ನನ್ನನ್ನು ಕಳಿಸಿದರು. ಕಿಟಕಿಯ ಪಕ್ಕದ ಜಾಗ ಸಿಕ್ಕಿತು, ಅದೂ ಒಂದು ಭಾಗ್ಯ. ಗುಡಿಗೆ ಹೋಗುವ ದಾರಿಯಲ್ಲಿ ಪರಿಚಯದವರೊಬ್ಬರ ಚಹಾದಂಗಡಿಯ ಕಟ್ಟೆಯ ಮೇಲೆ ಮಶೀನು ಇಟ್ಟು, ಅಕ್ಕಪಕ್ಕದಲ್ಲಿ ಎರಡೂ ಬೋರ್ಡು ನಿಲ್ಲಿಸಿದೆವು. ಜನ ಹೂವು ಹಿಡಿದು ಹೋಗುತ್ತಿದ್ದರು, ಪ್ರಸಾದ ಹಿಡಿದು ಬರುತ್ತಿದ್ದರು, ನಮ್ಮ ಕಡೆ ಯಾರೂ ತಿರುಗುತ್ತಿರಲಿಲ್ಲ. ಬಿಸಿಲು ಏರಿದ ಮೇಲೆ ಇಳಕಲ್ ಸೀರೆಯ ಒಬ್ಬ ಮುದುಕಿ, ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದುಕೊಂಡು ಬಂದು ನಿಂತಳು. ಜತೆಗಿದ್ದ ಮೊಮ್ಮಗಳು ಬೋರ್ಡು ಓದಿ ಹೇಳಿದಳು.

"ಯಪ್ಪಾ, ಇದೇ ಏನು ವಾತದ ಮಶೀನ?"

"ಹೌದ್ರಿ ಯವ್ವಾ" ಎಂದರು ಕಾಕಾ, ಎದ್ದು ನಿಂತು.

"ಎಲ್ಲಾ ನಮೂನಿ ವಾತಕ್ಕ ನಡೀತೈತೇನು?"

"ಸದ್ಯಾಕ ಉದ್ದನ್ನ ವಾತಕ್ಕಷ್ಟ ನಡೀತೈತ್ರಿ. ಹೂವಿನ ವಾತಕ್ಕ ಇನ್ನೊಂದು ಮಾಡಬೇಕಂತೀನಿ."

"ನಂದು ಉದ್ದಂದೇ ಐತಿ ಬಿಡು. ರಟ್ಟಿಯಿಂದ ಬೆರಳ ತನಕಾ."

ದಾರಿಯ ಗದ್ದಲದಲ್ಲಿ ಕಾಕಾಗೆ ಮೊದಲ ಮಾತಷ್ಟೇ ಕೇಳಿಸಿತು. "ಹಂಗಾರ ಕುಂದರ್ರಿ. ಸಾವಕಾಶ ತಿರವ್ರಿ" ಎಂದು ಮಣೆ ಹಾಕಿಕೊಟ್ಟರು. ಮುದುಕಿ ಹಿಡಿಕೆ ಹಿಡಿದು ನರಳುತ್ತ ಒಂದು ಸುತ್ತು ತಿರುವಿದಳು. ಒಂದೊಂದು ಸುತ್ತಿಗೂ ಒಂದೊಂದು "ಗುರುವೇ". ಹರಿವಾಣದಲ್ಲಿ ಬತ್ತಿ ಬೀಳತೊಡಗಿದವು. ಸ್ವಲ್ಪ ಹೊತ್ತಿಗೆ ಆಕೆ ಬಗ್ಗಿ ನೋಡಿದಳು.

"ಬೆಳ್ಳಗ ಇವೇನು ಬೀಳಾಕತ್ತಾವು?"

"ಅವೇ ರಿ, ವಾತ."

ಮುದುಕಿ ಕಣ್ಣರಳಿಸಿ ಹರಿವಾಣ ನೋಡಿದಳು, ತನ್ನ ತೋಳು ನೋಡಿಕೊಂಡಳು. ಮೊಮ್ಮಗಳಿಗೆ ಮೆಲ್ಲಗೆ ಹೇಳಿದಳು: "ಇಷ್ಟೆಲ್ಲಾ ಒಳಗಿದ್ವು ನೋಡ."

ಹಿಂದೆ ಹತ್ತಿಯ ಎಳೆ ಹಿಡಿದು ಕುಳಿತಿದ್ದ ನನಗೆ ಒಮ್ಮೆಲೆ ತಿಳಿಯಿತು. ಬೋರ್ಡಿನ ಮೇಲಿನ ನನ್ನ ಮುತ್ತುಗಳು ನನ್ನನ್ನೇ ನೋಡುತ್ತಿದ್ದವು. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆಗಲೇ ಹೇಳಬೇಕಿತ್ತು. ಆದರೆ ಮುದುಕಿ "ಹಗರ ಆತು" ಎಂದು ಎದ್ದಳು. ಅಷ್ಟು ಹೊತ್ತು ಚಕ್ರ ತಿರುವಿದರೆ ಜಡ್ಡುಗಟ್ಟಿದ ರೆಟ್ಟೆ ಸಡಿಲವಾಗದೇನು? ಆಕೆ ಧರ್ಮಶಾಲೆಗೆ ಹೋಗಿ ಎಲ್ಲರಿಗೂ ಹೇಳಿದಳು. ಸಂಜೆಯೊಳಗೆ ಕಟ್ಟೆಯ ಮುಂದೆ ಜನರ ಪಾಳಿ ಹತ್ತಿತ್ತು. ರೆಟ್ಟೆ ಹಿಡಿದುಕೊಂಡವರು, ಮಣಿಕಟ್ಟು ಹಿಡಿದುಕೊಂಡವರು, ಮೊಣಕಾಲು ಹಿಡಿದುಕೊಂಡು "ಕಾಲಿಂದು ಯಾವಾಗ ಬರತೈತಿ" ಎಂದು ಕೇಳುವವರು.

ಎರಡನೆಯ ಗುರುವಾರ ನಾವು ಎಸ್ಟಿ ಇಳಿಯುವ ಮೊದಲೇ ಪಾಳಿ. ಒಬ್ಬರು ಬಾಳೆಹಣ್ಣು ಇಟ್ಟರು, ಇನ್ನೊಬ್ಬರು ಕಾಕಾನ ಕಾಲಿಗೆ ಬಿದ್ದರು. ಕಾಕಾ ಆ ದಿನ ಕನಸಿನಲ್ಲಿ ನಡೆದಂತೆ ನಡೆಯುತ್ತಿದ್ದರು. ಒಂದು ಸಲ ಮಾತ್ರ ನನ್ನ ಹತ್ತಿರ ಬಂದು, "ಎಲ್ಲಾರೂ ಚಲೋ ಅಂತಾರ, ಮನೀಗೆ ಒಂದು ಬೇಕೇನ್ರಿ ಅಂದ್ರ ಬ್ಯಾಡ, ಇಲ್ಲೇ ತಿರುವೂದು ಸಾಕು ಅಂತಾರಲ್ಲವಾ, ಯಾಕ?" ಎಂದರು. ಆ ಮುಖ ನೋಡಿ ನನ್ನಿಂದ ತಡೆಯಲಾಗಲಿಲ್ಲ. ತಿರುಗಿ ಬರುವಾಗ ಎಸ್ಟಿಯಲ್ಲಿ ಎಲ್ಲ ಹೇಳಿದೆ.

ಕಾಕಾ ಹೆಗಲು ಕುಲುಕಿಸುತ್ತ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ರಟ್ಟಿಯಿಂದ ಬೆರಳ ತನಕಾ" ಎಂದು ಮತ್ತೆ ನಕ್ಕರು. ನಗು ನಿಂತ ಮೇಲೆ ಕಿಟಕಿಯ ಹೊರಗೆ ನೋಡುತ್ತ ಹೇಳಿದರು: "ಅಳಿಸಬೇಕವಾ. ಮಂದಿ ಬ್ಯಾನಿ ಹಿಡಕೊಂಡು ಬರಾಕತ್ತಾರ."

ದಿನಕ್ಕೆ ಎರಡು ಸಲ ದೇವರಿಗೆ ದೀಪ ಹಚ್ಚುವ ನಾನು ಆಗ ಏನು ಹೇಳಿದೆ ಗೊತ್ತೇ? "ಇನ್ನೆರಡು ವಾರ ಇರಲಿ ಕಾಕಾ. ಮಾಮಾ ಬಂದು ಈ ಪಾಳಿ ನೋಡಿದ್ರ ಖೋಲಿ ಉಳೀತೈತಿ" ಎಂದೆ.

ಜೋಳದ ಹೊಲಗಳು ಹಿಂದಕ್ಕೆ ಹೋಗುತ್ತಿದ್ದವು. ಸಂಜೆಯ ಬೆಳಕು ಎಳೆಯ ಪೈರಿನ ಮೇಲೆ ನಿಂತಿತ್ತು. ಕಾಕಾ ತಮ್ಮಷ್ಟಕ್ಕೇ ಎಂಬಂತೆ ಅಂದರು:

"ಖೋಲಿ ಉಳೀತೈತಿ, ಖರೆ. ಅದರಾಗ ನಾ ಹೆಂಗ ಕುಂದರ್ಲಿ?"

ಮೂರನೆಯ ಗುರುವಾರ ಬೋರ್ಡಿನ ಮೇಲಿನ "ವಾತದ" ಎಂಬುದನ್ನು ಹೊಡೆದು ಮೇಲೆ "ಬತ್ತಿಯ" ಎಂದು ಬರೆದೆ. ಈ ಸಲ ಅಕ್ಷರ ಸೊಟ್ಟಗಾದವು. ಕಾಕಾ ಪಾಳಿಯಲ್ಲಿದ್ದ ಒಬ್ಬೊಬ್ಬರ ಹತ್ತಿರ ಹೋಗಿ, ಇದು ದೀಪದ ಮಶೀನು, ಬೇನೆಯದಲ್ಲ, ತಪ್ಪು ನಮ್ಮದು ಎಂದು ಕೈ ಮುಗಿದು ಹೇಳಿದರು. ಕೆಲವರು ನಕ್ಕರು. ಹನ್ನೂರಿನ ಕಡೆಯವನೇ ಒಬ್ಬ, ನನ್ನ ಅಪ್ಪನನ್ನು ಬಲ್ಲವನು, "ದೇವರ ಊರಾಗ ಮಂದೀನ ಮರಳ ಮಾಡತೀರೇನ್ರಿ" ಎಂದು ಬಾಯಿ ಮಾಡಿ ಹೋದ. ನಾನು ಕಟ್ಟೆಯ ಹಿಂದೆ ಸರಿದು ನಿಂತೆ. ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಮುಂದೆ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ.

ನಾಲ್ಕನೆಯ ಗುರುವಾರ ಮಾವ, ಅತ್ತೆ, ನಮ್ಮ ಯಜಮಾನರು, ಎಲ್ಲರೂ ಬಂದರು. ದರ್ಶನ ಮುಗಿಸಿ ಆಲದ ಮರಕ್ಕೆ ಸುತ್ತು ಹಾಕಿ ಕಟ್ಟೆಯ ಹತ್ತಿರ ಬಂದಾಗ ನಾವಿಬ್ಬರೇ ಕುಳಿತಿದ್ದೆವು. ಆ ಹೊತ್ತಿಗೆ ಸರಿಯಾಗಿ ಇಳಕಲ್ ಸೀರೆಯ ಮುದುಕಿ ಬಂದಳು. ಕಾಕಾ ಎದ್ದು, "ಯವ್ವಾ, ಇದು ಬ್ಯಾನಿದಲ್ರಿ..." ಎಂದು ಶುರು ಮಾಡಿದರು.

"ಮೊಮ್ಮಗಳು ಹೇಳ್ಯಾಳಪಾ. ನಿನ್ನ ಮಶೀನ ಬತ್ತೀದರೆ ಇರ್ಲಿ, ಬದನಿಕಾಯಿದರೆ ಇರ್ಲಿ. ನನ್ನ ಕೈ ಏಳಾಕತ್ತೈತಿ. ಸರಿ ಅತ್ತಾಗ."

ಕುಳಿತು ತಿರುವಿದಳು. ಸುತ್ತಿಗೊಂದು ನಾಮ, ನಾಮಕ್ಕೊಂದು ಬತ್ತಿ. ಹರಿವಾಣ ತುಂಬಿದ ಮೇಲೆ ಎದ್ದು ಗುಡಿಯ ಶಿಖರದ ಕಡೆ ತಿರುಗಿ, ಎರಡೂ ಕೈ ತಲೆಯ ಮೇಲೆ ಎತ್ತಿ ಮುಗಿದಳು. "ಮೂರ ವರ್ಸಾತು, ಒಂದ ಕೈಲೆ ಮುಗೀತಿದ್ದೆ. ಅವಗೂ ಬ್ಯಾಸರಾಗಿತ್ತು" ಎಂದು ಗುಡಿಯ ಕಡೆ ಗದ್ದ ತೋರಿಸಿ ನಕ್ಕು ಹೋದಳು. ನಾನು ತಿರುಗಿ ನೋಡಿದೆ. ಅತ್ತೆಯ ತುಟಿಗಳು ಅಲುಗುತ್ತಿದ್ದವು. ಆಕೆ ಹೇಳಿದ ನಾಮವನ್ನು ಅವರೂ ಹೇಳುತ್ತಿದ್ದರು.

ಮಾವನವರಿಗೆ ಚಹಾದಂಗಡಿಯವರು ಅಷ್ಟರಲ್ಲಿ ನಾಲ್ಕು ವಾರದ ಕತೆ ಹೇಳಿ ಮುಗಿಸಿದ್ದರು. ಮಾವನವರು ಬಂದು, ಹೊಡೆದು ತಿದ್ದಿದ ಬೋರ್ಡಿನ ಮುಂದೆ ನಿಂತರು.

"ಇದ ಯಾರು ಬರದದ್ದು?"

ನಾನು ಬಗ್ಗಿ ಕೆಳಗೆ ಬಿದ್ದ ಹತ್ತಿಯ ಎಳೆ ಆಯತೊಡಗಿದೆ. ಕಾಕಾ ಚಕ್ರ ಒರೆಸುತ್ತ ಹೇಳಿದರು: "ನಾನೇ ಅಣ್ಣಾ."

ಮಾವನವರು ಬೋರ್ಡು ನೋಡಿದರು, ತಮ್ಮನನ್ನು ನೋಡಿದರು. ನಾನು ನನ್ನ ಕಾಲಬೆರಳು ನೋಡುತ್ತಿದ್ದೆ.

"ನಿನಗ ಅಕ್ಷರಾನೂ ಬರಂಗಿಲ್ಲ, ವ್ಯಾಪಾರಾನೂ ಬರಂಗಿಲ್ಲ" ಎಂದರು. "ಸೋಮವಾರ ಖೋಲಿ ಖಾಲಿ ಆಗಬೇಕು."

ಸೋಮವಾರ ಖೋಲಿ ಖಾಲಿಯಾಯಿತು. ಕಾಕಾ ಮೊಳೆಗಳಿಂದ ಒಂದೊಂದೇ ಸಾಮಾನು ಇಳಿಸಿ ಗೋಣಿಚೀಲದಲ್ಲಿ ಇಡುತ್ತಿದ್ದರು. ನಾನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತ ರೊಟ್ಟಿ ಸುಡುತ್ತಿದ್ದೆ. ಎರಡು ರೊಟ್ಟಿ ಕರಕಾದವು. ಅತ್ತೆ ನನ್ನನ್ನು ಕರೆದರು, ಮೂಲೆಯ ಬೀಸುಕಲ್ಲನ್ನು ಇಬ್ಬರೂ ಕೈ ಹಚ್ಚಿ ಹೊರಗೆ ಸರಿಸಿದೆವು. ಆಮೇಲೆ ಪಡಸಾಲೆಗೆ ಕೇಳುವ ಹಾಗೆ ಅಂದರು:

"ತಮ್ಮಾ, ನಿನ್ನ ಹಲಗಿ ಇಲ್ಲಿ ತಂದು ಹಾಕು. ಖೋಲಿ ಗಂಡಸರದು, ಈ ಮೂಲಿ ನಂದು. ಇದನ್ನ ಯಾರಿಗೆ ಕೊಡಬೇಕಂತ ನಾ ನೋಡ್ಕೊಂತೀನಿ."

ಮಾವನವರು ಉಣ್ಣುತ್ತಿದ್ದರು. ತಲೆಯೆತ್ತಲಿಲ್ಲ. "ರೊಟ್ಟ್ಯಾಗ ಮೊಳಿ ಸಿಗಬಾರದು, ಇಷ್ಟೇ" ಎಂದರು.

ಕಾಕಾನ ನಿಜವಾದ ಕೆಲಸವೆಲ್ಲ ಆಮೇಲೆ ಆ ಮೂಲೆಯಲ್ಲೇ ಆಯಿತು ಎಂದರೆ ನೀವು ನಂಬಬೇಕು. ಒಂದು ಕಡೆ ಒಲೆ, ಒಂದು ಕಡೆ ಮಶೀನು, ಒಗ್ಗರಣೆಯ ವಾಸನೆಯೊಳಗೆ ಎಣ್ಣೆಯ ವಾಸನೆ. ಖೋಲಿಯಲ್ಲಿ ಅವರಿಗೆ ಹೇಳುವವರಿರಲಿಲ್ಲ. ಇಲ್ಲಿ ಓಣಿಯ ಹೆಂಗಸರೆಲ್ಲ ಹೇಳುವವರೇ. ಹರಿವಾಣ ಕೆಳಗಿರಲಿ ಎಂದು ಒಬ್ಬಳು. ಎಡಚಿಯರಿಗೆ ಹಿಡಿಕೆ ಆ ಕಡೆ ಬೇಕು ಎಂದು ಇನ್ನೊಬ್ಬಳು. ಸೆರಗು ಸಿಕ್ಕುತ್ತದೆ, ಉರುಳೆಗೆ ಮುಚ್ಚಳ ಹಾಕ್ರಿ ಎಂದವಳು ನಾನು. ನನ್ನ ಪಾಲಿಗೆ ಅಷ್ಟಾದರೂ ಪುಣ್ಯವಿರಲಿ. ದಿನವೂ ಮಧ್ಯಾಹ್ನ ಅತ್ತೆ ಅಂಗೈಯಿಂದ ಹಿಡಿಕೆ ತಳ್ಳುತ್ತ, ಸುತ್ತಿಗೊಂದು ನಾಮ ಹೇಳುತ್ತ ಕೂರುತ್ತಿದ್ದರು. ಮೆಲ್ಲಗೆ ತಿರುಗುವ ಚಕ್ರದ ಸಪ್ಪಳ, ಮೆಲ್ಲಗಿನ ನಾಮ. ಆಮೇಲೆ ಹುಟ್ಟಿದ ನನ್ನ ಮಗಳು ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಿದ್ದಳು, ಕೆಲವು ಸಲ ನಾನೂ. ಲಕ್ಷ ಬತ್ತಿ ಮುಗಿದ ದಿನ ಅತ್ತೆ ಕಾಕಾನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಮಹಿಳಾ ಮಂಡಳದವರು, ಗುಡಿಯ ಮುಂದೆ ಪೂಜೆ ಸಾಮಾನು ಮಾರುವ ವಿಧವೆಯರು, ದೂರದೂರದವರು ಕೇಳಿಕೊಂಡು ಬಂದರು. ಕಾಕಾ ಒಂದೊಂದಾಗಿ ಮಾಡಿಕೊಟ್ಟರು. ಬೇರೆಯವರು ನೋಡಿ ಕಲಿತು ಮೋಟಾರು ಹಚ್ಚಿ ಮಾಡಿದರು. ಅದನ್ನು ಯಾರಾದರೂ ಹೇಳಿದರೆ ಕಾಕಾ ಕೇಳುತ್ತಿದ್ದದ್ದು ಒಂದೇ: "ಮುಚ್ಚಳಾ ಹಾಕ್ಯಾರೇನು?"

ಹೆಸರು ಮಾತ್ರ ವಾತದ ಕಾಕಾ ಎಂದೇ ನಿಂತಿತು. ಕಡೆಯವರೆಗೂ ಹಳ್ಳಿಯಿಂದ ರೆಟ್ಟೆ ಹಿಡಿದುಕೊಂಡು ಯಾರಾದರೂ ಬರುತ್ತಿದ್ದರು. "ನಾ ದೀಪದಾಂವ್ರಿ, ಬ್ಯಾನಿದು ಡಾಕ್ಟರ್ ಕಡೆ ಹೋಗ್ರಿ" ಎಂದು ಹೇಳಿಯೇ ಕೂಡಿಸಿ, ಚಹಾ ಕೊಡಿಸಿ, ಬೇಕಾದಷ್ಟು ಹೊತ್ತು ತಿರುವಲು ಬಿಟ್ಟು, ತಿರುವಿದ ಬತ್ತಿಯನ್ನು ಅವರಿಗೇ ಕಟ್ಟಿಕೊಡುತ್ತಿದ್ದರು.

ಮಾವನವರು ಮಾತ್ರ ಮರೆಯಲಿಲ್ಲ. ನನ್ನ ತವರಿನ ಪತ್ರ ಬಂದಾಗಲೆಲ್ಲ, ನನ್ನೆದುರಿಗೇ, "ಮೊದಲ ನಮ್ಮ ತಮ್ಮಗ ಕೊಡ್ರಿ, ಕನ್ನಡ ಪಂಡಿತ ಅದಾನ" ಎನ್ನುತ್ತಿದ್ದರು. ಕಾಕಾ ನಗುತ್ತಿದ್ದರು. ನಾನು ಒಳಗೆ ಹೋಗಿಬಿಡುತ್ತಿದ್ದೆ. ಖೋಲಿ ಹೋದದ್ದು ನನ್ನ ಮಾತಿನಿಂದ, ಬೈಸಿಕೊಂಡದ್ದು ಅವರು. ಒಂದೆರಡು ಸಲ ಹೇಳಲು ಹೋದೆ. ಕಾಕಾ ಕಣ್ಣಿನಲ್ಲೇ ಬೇಡವೆಂದರು. ತಮ್ಮನಿಗೆ ಇಷ್ಟು ಚುಚ್ಚುತ್ತಾರಲ್ಲ ಎಂದು ಮಾವನವರ ಮೇಲೆ ಮನಸ್ಸಿನಲ್ಲಿ ಒಂದು ಮುನಿಸು ಉಳಿಯಿತು. ಸೇವೆ ಮಾಡಿದೆ, ಕಾಲು ಒತ್ತಿದೆ, ಆ ಮುನಿಸನ್ನು ಮಾತ್ರ ಬಿಡಲಿಲ್ಲ. ಕಾಕಾ ಹೋದರು, ಅತ್ತೆ ಹೋದರು, ಮಾವನವರು ಹೋಗಿಯೂ ಹತ್ತು ವರ್ಷವಾಯಿತು.

ಇವತ್ತು ಮೂರನೆಯ ಕೆಮ್ಮಿಗೂ ಚಹಾ ಬರದಿದ್ದುದರಿಂದ ಯಜಮಾನರು ದೇವರ ಮನೆಯ ಬಾಗಿಲಿಗೇ ಬಂದರು. "ಏನಾತು?" ಎಂದರು. ಯಾಕೋ ತಡೆಯಲಾಗಲಿಲ್ಲ.

"ಅಕ್ಕಲಕೋಟದಾಗ ಆ ಬೋರ್ಡ ಬರದಾಕಿ ನಾನ್ರಿ. ಕಾಕಾ ಅಲ್ಲ."

ಅವರು ನನ್ನನ್ನು ನೋಡಿದ ರೀತಿ, ಸೂರ್ಯ ಮೂಡಿದ್ದಾನೆ ಎಂದು ಸುದ್ದಿ ಹೇಳಿದವರನ್ನು ನೋಡುವಂತಿತ್ತು.

"ಅದೇನು ಹೊಸಾ ಮಾತು? ಮನ್ಯಾಗ ಕನ್ನಡ ಬರಿಯಾಕ ಬರ್ತಿದ್ದಾಕಿ ನೀ ಒಬ್ಬಾಕಿ. ಕಾಕಾಗ ತನ್ನ ಹೆಸರರೆ ಬರೀಲಿಕ್ಕೆ ಬರ್ತಿತ್ತೇನು?"

ಮೂವತ್ತು ವರ್ಷ. ಜಾಣೆ ಎಂದು ತವರಿನಲ್ಲಿ ಹೆಸರಿದ್ದ ನನಗೆ ಇದು ಹೊಳೆದೇ ಇರಲಿಲ್ಲ.

"ಮಾಮಾಗೂ ಗೊತ್ತಿತ್ತೇನ್ರಿ?"

"ಗೊತ್ತಿಲ್ದ ಏನು. ಅವತ್ತ ಊರಿಗೆ ಬಂದ ಮ್ಯಾಲ ಅವ್ವನ್ನ, ನನ್ನ ಅಂಗಡ್ಯಾಗ ಕರದು ಹೇಳಿದ್ರು. ಹುಡುಗಿ ತವರ ಮಂದಿ ಮುಂದ ನಾಚ್ಯಾಳ. ಬೋರ್ಡ ತಮ್ಮ ಬರದಾನ. ಈ ಮನ್ಯಾಗ ಅದೇ ಖರೆ, ಅಂತ."

"ಮತ್ತ ಕಾಕಾಗ ಪಂಡಿತ, ಪಂಡಿತ ಅಂತಿದ್ರಲ್ಲ?"

"ನಿನಗ ಸಂಶಯ ಬರಬಾರದಂತ. ಅಣ್ಣಾ ತಮ್ಮಾ ಇಬ್ಬರೂ ಕೂಡೇ ಆಡತಿದ್ರು ಆ ನಾಟಕ."

ಬತ್ತಿಯನ್ನು ಕೆಳಗಿಟ್ಟೆ. "ನೀವರೆ ಹೇಳಬಾರದಾಗಿತ್ತೇನು? ಮಾಮಾ ಹೋಗಿ ಹತ್ತು ವರ್ಷಾತು."

"ಹೋಗೂ ಮುಂದ ಇನ್ನ ಹೇಳಬಹುದು ಅಂತ ಏನೂ ಅಂದಿರಲಿಲ್ಲ" ಎಂದು ಅವರು ಬಹಳ ಪ್ರಾಮಾಣಿಕವಾಗಿ ಹೇಳಿ, ಚಹಾದ ನೆನಪು ಮಾಡಿ, ಪೇಪರು ಓದಲು ಹೋದರು.

ದೀಪ ಹಚ್ಚಿ ಅಡಿಗೆಮನೆಗೆ ಬಂದು ಗ್ಯಾಸಿನ ಮೇಲೆ ನೀರಿಟ್ಟೆ. ಮಾವನವರು ಈ ಬಾಗಿಲಿಗೆ ಬಂದು ನಿಂತರೆ ನಾನು ಸೆರಗು ಎಳೆದುಕೊಂಡು ಒಲೆಯ ಕಡೆ ತಿರುಗುತ್ತಿದ್ದೆ. ಅವರ ಮುಖವನ್ನು ನೇರ ನೋಡಿದ್ದು ಕಡಿಮೆ. ಇವತ್ತು ಸೆರಗು ತಲೆಯ ಮೇಲೆ ಹೊದ್ದು, ಬಾಗಿಲ ಕಡೆಗೇ ತಿರುಗಿ ನಿಂತೆ. ನೀರು ಕುದಿಯಲು ಶುರುವಾಗಿತ್ತು. ಹೊರಗಿನವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದೆ:

"ಮಾಮಾ, ಆ ಬೋರ್ಡ ನಾ ಬರದಿದ್ದೆ."